ಪ್ರಭುಲಾಲ್ ಭಟ್ನಾಗರ್

ಪ್ರಾಚೀನ ಗ್ರೀಸ್ ದೇಶದ ಒಲಿಂಪಿಯಾದಲ್ಲಿ ದೇಹಬಲವನ್ನು ಒರೆಗೆ ಹಚ್ಚುವ ಕ್ರೀಡೆಗಳು ನಡೆಯುತ್ತಿದ್ದವು. ಆ ಊರಿನ ಹೆಸರೇ ಆಧುನಿಕ ಕಾಲದಲ್ಲಿ ಬುದ್ಧಿಬಲದ ಸ್ಪರ್ಧೆಗಳಿಗೂ ಬಂದಿತು. ಗಣಿತ ಹಾಗೂ ವಿಜ್ಞಾನಗಳಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿ ನಡೆಯುವ ಇಂತಹ ಸ್ಪರ್ಧೆಗಳಿಗೆ ಒಲಿಂಪಿಯಾಡ್ ಎಂದು ಹೆಸರು. ಭಾರತದಲ್ಲಿ ಗಣಿತ ಒಲಿಂಪಿಯಾಡಿಗೆ ಅಡಿಗಲ್ಲನ್ನಿಟ್ಟವರಲ್ಲಿ ಪ್ರೊಫೆಸರ್ ಪ್ರಭುಲಾಲ್ ಭಟ್ನಾಗರರು ಅಗ್ರಗಣ್ಯರು. ಅವರ ಕಾರ್ಯಕ್ಷೇತ್ರ ಕನ್ನಡನಾಡಿನ ಬೆಂಗಳೂರು.

ಭಟ್ನಾಗರರು 1912ನೆಯ ಇಸವಿ ಆಗಸ್ಟ್ 8ರಂದು ರಾಜಸ್ಥಾನದ ಕೋಟಾ ನಗರದಲ್ಲಿ ಜನಿಸಿದರು. ಅಂದು ಕೋಟಾ ಒಂದು ದೇಶೀಯ ಸಂಸ್ಥಾನವಾಗಿತ್ತು. ಹುಟ್ಟೂರಿನಲ್ಲಿ ಆರಂಭದ ಶಿಕ್ಷಣವನ್ನು ಮುಗಿಸಿ ಜಯಪುರದ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಂದುವರಿಸಿದರು. ಬಳಿಕ ಸಂಶೋಧನೆಗಾಗಿ ಅಲಹಾಬಾದ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಪ್ರೊಫೆಸರ್ ಎ. ಸಿ. ಬ್ಯಾನರ್ಜಿಯವರ ಮಾರ್ಗದರ್ಶನ ಅವರಿಗೆ ದೊರೆಯಿತು. ಸೌರಮಂಡಲದ ಉಗಮವನ್ನು ಕುರಿತು ಅವರು ರಚಿಸಿದ ಪ್ರಬಂಧಕ್ಕೆ 1939ರಲ್ಲಿ ಡಾಕ್ಟರೇಟ್ ಪದವಿ ಲಭಿಸಿತು.

ಅನಂತರ ಅವರು ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಬೋಧನೆಯ ಹೊಣೆಯ ನಡುವೆಯೂ ನಕ್ಷತ್ರಗಳ ಒಳರಚನೆಯನ್ನು ಕುರಿತ ಅವರ ಅಧ್ಯಯನ ನಿಲ್ಲಲಿಲ್ಲ. 1952ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗುವ ಅವಕಾಶ ಒದಗಿತು. ಅವರ ಹೆಸರನ್ನು ಜಗತ್ತಿಗೆ ತಿಳಿಸಿದ ಕೆಲಸ ಅಲ್ಲಿಯೇ ನಡೆಯಿತು.

ಅನಿಲದೊಳಗೆ ಅಸಂಖ್ಯ ಕಣಗಳು ಎಡೆಬಿಡದೆ ಚಲಿಸುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಈ ಚಲನೆಯನ್ನು ವಿವರಿಸುವ ಸಮೀಕರಣವನ್ನು ಆಸ್ಟ್ರಿಯದ ವಿಜ್ಞಾನಿ ಬೋಲ್ಟ್ಸ್‌ಮನ್ 1872ರಲ್ಲಿಯೇ ರೂಪಿಸಿದ್ದನು. ಆದರೆ ಡಿಕ್ಕಿಗಳನ್ನು ಲೆಕ್ಕಕ್ಕೆ ತರುವ ಅದರ ಭಾಗ ಬಹಳ ಜಟಿಲವಾಗಿತ್ತು. ಭಟ್ನಾಗರರು ಯೂಜೀನ್ ಗ್ರಾಸ್ ಹಾಗೂ ಮ್ಯಾಕ್ಸ್ ಕ್ರೂಕ್ ಎಂಬ ಇಬ್ಬರೊಡನೆ ಸೇರಿ ಇದಕ್ಕೊಂದು ಸುಲಭೋಪಾಯವನ್ನು ಕಂಡುಹಿಡಿದರು. ಪ್ರತಿಯೊಂದು ಡಿಕ್ಕಿಯನ್ನೂ ಬಿಡಿಬಿಡಿಯಾಗಿ ಎಣಿಸುವ ಬದಲು, ಡಿಕ್ಕಿಗಳ ಫಲವಾಗಿ ಅನಿಲವು ಒಂದು ಗೊತ್ತಾದ ವೇಗದಲ್ಲಿ ಸಮಸ್ಥಿತಿಯತ್ತ ಸಾಗುತ್ತದೆ ಎಂದು ಭಾವಿಸುವುದೇ ಆ ಉಪಾಯ. 1954ರಲ್ಲಿ ಪ್ರಕಟವಾದ ಈ ಮಾದರಿಯು ಮೂವರ ಹೆಸರಿನ ಮೊದಲಕ್ಷರಗಳಿಂದ ಬಿ.ಜಿ.ಕೆ. ಮಾದರಿ ಎಂದು ಪ್ರಸಿದ್ಧವಾಯಿತು. ಅನಿಲ ಮತ್ತು ದ್ರವಗಳ ಹರಿವನ್ನು ಗಣಕಯಂತ್ರದಿಂದ ಲೆಕ್ಕ ಹಾಕುವವರು ಇಂದಿಗೂ ಇದನ್ನು ಬಳಸುತ್ತಾರೆ.

1956ರಲ್ಲಿ ಭಟ್ನಾಗರರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿ ಬಂದರು. ಹೊಸದಾಗಿ ಆರಂಭವಾದ ವಿಭಾಗವನ್ನು ಕಟ್ಟಿ ಬೆಳೆಸುವ ಭಾರ ಅವರ ಮೇಲೆ ಬಿದ್ದಿತು. ಅವರ ಬಳಿ ತರಬೇತಿ ಪಡೆದ ಸಂಶೋಧಕರು ಮುಂದೆ ತಾವೇ ಹೆಸರಾಂತ ಅಧ್ಯಾಪಕರಾದರು. ಭಾರತ ಸರ್ಕಾರವು 1968ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇಷ್ಟು ಎತ್ತರಕ್ಕೇರಿದ ವಿದ್ವಾಂಸರು ಶಾಲೆಯ ಮಕ್ಕಳತ್ತ ದೃಷ್ಟಿ ಹಾಯಿಸುವುದು ವಿರಳ. ಭಟ್ನಾಗರರು ಹಾಯಿಸಿದರು. ಹಂಗೇರಿಯಲ್ಲಿ 1894ರಿಂದಲೇ ವಿದ್ಯಾರ್ಥಿಗಳಿಗೆ ಗಣಿತ ಸ್ಪರ್ಧೆಗಳು ನಡೆಯುತ್ತಿದ್ದವು. 1959ರಲ್ಲಿ ರುಮೇನಿಯದಲ್ಲಿ 7 ದೇಶಗಳು ಕೂಡಿ ಮೊದಲ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡನ್ನು ನಡೆಸಿದವು. ಭಾರತದಲ್ಲಿ ಅಂತಹ ವ್ಯವಸ್ಥೆ ಇನ್ನೂ ಬೇರೂರಿರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಭಟ್ನಾಗರರು ಬೆಂಗಳೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ಗಣಿತ ಒಲಿಂಪಿಯಾಡಿಗೆ ನಾಂದಿ ಹಾಡಿದರು.

ಈ ಸ್ಪರ್ಧೆಗೂ ಸಾಮಾನ್ಯ ಪರೀಕ್ಷೆಗೂ ಇರುವ ಅಂತರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರ, ಘಟಪ್ರಭಾ, ರಾಯಬಾಗ, ಚಿಕ್ಕೋಡಿ ಎಂಬ 7 ಊರುಗಳನ್ನು ತೆಗೆದುಕೊಳ್ಳೋಣ. ಪ್ರತಿಯೊಂದು ಊರಿನಿಂದಲೂ ಉಳಿದ ಊರುಗಳ ಪೈಕಿ ಸರಿಯಾಗಿ ಮೂರಕ್ಕೆ ನೇರ ರಸ್ತೆ ಇರುವಂತೆ ಹೊಸ ರಸ್ತೆಗಳನ್ನು ಹಾಕಲು ಸಾಧ್ಯವೇ? ನಕ್ಷೆಗಳನ್ನು ಎಷ್ಟು ಬರೆದು ಅಳಿಸಿದರೂ ಉತ್ತರ ಕೈಗೂಡದು. ಆದರೆ ಸ್ವಲ್ಪ ಯೋಚಿಸಿದರೆ ದಾರಿ ಹೊಳೆಯುತ್ತದೆ. ಊರೊಂದಕ್ಕೆ 3ರಂತೆ 7 ಊರುಗಳಲ್ಲಿ ರಸ್ತೆಗಳ ತುದಿಗಳು ಒಟ್ಟು 21. ಪ್ರತಿಯೊಂದು ರಸ್ತೆಗೂ ತುದಿಗಳು ಎರಡೇ ಆದ್ದರಿಂದ ತುದಿಗಳ ಒಟ್ಟು ಸಂಖ್ಯೆ ಸಮಸಂಖ್ಯೆಯಾಗಲೇಬೇಕು. 21 ಬೆಸಸಂಖ್ಯೆ. ಆದ್ದರಿಂದ ಅಂತಹ ರಸ್ತೆಗಳನ್ನು ಹಾಕಲು ಎಂದಿಗೂ ಸಾಧ್ಯವಿಲ್ಲ.

ಇದನ್ನು ಬಿಡಿಸಲು ಕಂಠಪಾಠ ಮಾಡಿದ ಸೂತ್ರವಾಗಲಿ ದುಬಾರಿ ಪುಸ್ತಕವಾಗಲಿ ಬೇಕಿಲ್ಲ. ಸಮ ಬೆಸಗಳನ್ನು ಬಲ್ಲ ಯಾವ ಹಳ್ಳಿಯ ಬಾಲಕ ಬಾಲಕಿಯೂ ತಾಳ್ಮೆಯಿಂದ ಚಿಂತಿಸಿ ಇದನ್ನು ಸಾಧಿಸಬಹುದು. ವಾರ್ಷಿಕ ಪರೀಕ್ಷೆಯ ಅಂಕಗಳಲ್ಲಿ ಕಾಣಿಸದೆ ಉಳಿಯುವ ಇಂತಹ ಚಿಂತನಶಕ್ತಿಯನ್ನು ಗುರುತಿಸುವುದೇ ಒಲಿಂಪಿಯಾಡಿನ ಉದ್ದೇಶ. ಗುರುತಿಸುವವರಿಲ್ಲದಿದ್ದರೆ ಅದು ಬಾಡಿಹೋಗುತ್ತದೆ. ಅದರಿಂದ ಆಗುವ ನಷ್ಟ ಆ ಮಗುವಿನದು ಮಾತ್ರವಲ್ಲ, ನಾಡಿನದೂ ಹೌದು.

1969ರಲ್ಲಿ ಭಟ್ನಾಗರರು ರಾಜಸ್ಥಾನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬೆಂಗಳೂರನ್ನು ಬಿಟ್ಟು ತೆರಳಿದರು. ಮುಂದೆ ಶಿಮ್ಲಾದ ಹಿಮಾಚಲ ಪ್ರದೇಶ ವಿಶ್ವವಿದ್ಯಾನಿಲಯದಲ್ಲಿಯೂ ಸೇವೆ ಸಲ್ಲಿಸಿದರು. 1975ರಲ್ಲಿ ಅಲಹಾಬಾದಿನ ಮೆಹತಾ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು. ಆ ಹೊಸ ಸಂಸ್ಥೆ ಇನ್ನೂ ಚಿಗುರುತ್ತಿರುವಾಗಲೇ, 1976ರ ಅಕ್ಟೋಬರ್ 5ರಂದು, ತಮ್ಮ 64ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಅವರು ಬಿತ್ತಿದ ಬೀಜ ಫಲ ಕೊಟ್ಟುದನ್ನು ಕಾಣಲು ಅವರು ಇರಲಿಲ್ಲ. ರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1986ರಲ್ಲಿ ಆರಂಭವಾಯಿತು. 1989ರಲ್ಲಿ ಭಾರತದ ತಂಡವು ಮೊದಲ ಬಾರಿಗೆ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಭಾಗವಹಿಸಿತು. 1996ರಲ್ಲಿ ಆ ಸ್ಪರ್ಧೆ ಮುಂಬಯಿಯಲ್ಲಿಯೇ ನಡೆಯಿತು. ಭೌತವಿಜ್ಞಾನದ ಅಂತರರಾಷ್ಟ್ರೀಯ ಸ್ಪರ್ಧೆಗೆ 1998ರಿಂದಲೂ, ರಸಾಯನವಿಜ್ಞಾನಕ್ಕೆ 1999ರಿಂದಲೂ, ಜೀವವಿಜ್ಞಾನಕ್ಕೆ 2000ದಿಂದಲೂ ನಮ್ಮ ವಿದ್ಯಾರ್ಥಿಗಳು ಹೋಗತೊಡಗಿದರು. ಇವು ಹಿರಿಯ ತರಗತಿಗಳವರಿಗಾಗಿ ಇರುವ ಸ್ಪರ್ಧೆಗಳು. ಹದಿನೈದರ ಆಸುಪಾಸಿನ ಕಿರಿಯರಿಗಾಗಿ ಕಿರಿಯರ ವಿಜ್ಞಾನ ಒಲಿಂಪಿಯಾಡ್ ಇದೆ. ಭಾರತವು 2007ರಿಂದ ಅದರಲ್ಲಿಯೂ ಪಾಲ್ಗೊಳ್ಳುತ್ತ ಬಂದಿದೆ.

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಪದಕ ಗೆದ್ದು ಭಾರತದ ತಂಡದಲ್ಲಿ ಅತ್ಯಧಿಕ ಅಂಕ ಗಳಿಸಿದವರಿಗಾಗಿ ಭಾರತೀಯ ಗಣಿತ ಸಂಘವು ಒಂದು ಬಹುಮಾನವನ್ನು ಸ್ಥಾಪಿಸಿದೆ. ಅದಕ್ಕೆ ಪಿ. ಎಲ್. ಭಟ್ನಾಗರ್ ಸ್ಮಾರಕ ಬಹುಮಾನ ಎಂದು ಹೆಸರು. ವಿದ್ವಾಂಸರು ಅವರನ್ನು ಬಿ.ಜಿ.ಕೆ. ಮಾದರಿಯಿಂದ ನೆನೆಯುತ್ತಾರೆ. ವಿದ್ಯಾರ್ಥಿಗಳ ಪಾಲಿಗೆ ಅವರ ನೆನಪು ಈ ಬಹುಮಾನದಲ್ಲಿ ಉಳಿದಿದೆ. ಕಠಿಣವಾದ ಲೆಕ್ಕವೊಂದರ ಮುಂದೆ ಛಲ ಬಿಡದೆ ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯೂ, ತಿಳಿದೋ ತಿಳಿಯದೆಯೋ, ಭಟ್ನಾಗರರು ತೆರೆದ ಹಾದಿಯಲ್ಲಿ ನಡೆಯುತ್ತಿರುತ್ತಾನೆ.