ಮಲಗಿದ್ದ ಹಣವನ್ನು ಎಬ್ಬಿಸಿದ ಪುರಸಭಾಧ್ಯಕ್ಷ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ದೂರದ ಆಸ್ಟ್ರಿಯಾ ದೇಶದ ಮಹನೀಯರೊಬ್ಬರನ್ನು ನಾವು ನೆನೆಯುತ್ತೇವೆ. ಅವರೇ ಮಿಖಾಯೆಲ್ ಉಂಟರ್‌ಗುಗ್ಗನ್‌ಬರ್ಗರ್. ಹೆಸರು ನಾಲಿಗೆಗೆ ಕಷ್ಟ. ಆದರೆ ಅವರು ಮಾಡಿದ ಕೆಲಸ ನಮ್ಮಂಥ ರೈತರಿಗೆ ಬೇಗ ತಿಳಿಯುವಂಥದ್ದು.

1884ರಲ್ಲಿ ಟಿರೋಲ್ ಎಂಬ ಬೆಟ್ಟದ ಸೀಮೆಯಲ್ಲಿ ಜನಿಸಿದ ಇವರು ರೈಲ್ವೆಯಲ್ಲಿ ದುಡಿದು, ಕಾರ್ಮಿಕರ ಪರವಾಗಿ ನಿಂತು, 1931ರ ಕೊನೆಯಲ್ಲಿ ವೋರ್ಗಲ್ ಎಂಬ ಸಣ್ಣ ಊರಿನ ಪುರಸಭಾಧ್ಯಕ್ಷರಾದರು. ಆಗ ಜಗತ್ತಿಗೇ ಆರ್ಥಿಕ ಮುಗ್ಗಟ್ಟು. ನಾಲ್ಕು ಸಾವಿರ ಚಿಲ್ಲರೆ ಜನರ ಊರಿನಲ್ಲಿ ನೂರಾರು ಮಂದಿಗೆ ಕೆಲಸವಿಲ್ಲ, ತೆರಿಗೆಯೆಲ್ಲಾ ಬಾಕಿ, ಪುರಸಭೆಯ ತಿಜೋರಿ ಖಾಲಿ. ಕೈಯಲ್ಲಿ ಕಾಸಿದ್ದವರೂ ಹೆದರಿ ಬಿಗಿಹಿಡಿದು ಕೂತಿದ್ದರು.

ಜರ್ಮನಿಯ ಸಿಲ್ವಿಯೋ ಗೆಸೆಲ್ ಎಂಬುವರ ಪುಸ್ತಕ ಓದಿದ್ದ ಇವರು 1932ರ ಜುಲೈ ಕೊನೆಯಲ್ಲಿ ಪುರಸಭೆಯಿಂದಲೇ 1, 5, 10 ಶಿಲ್ಲಿಂಗಿನ ಕೆಲಸದ ಚೀಟಿ ಹೊರಡಿಸಿದರು. ಇದು ಬರೀ ಕಾಗದವಲ್ಲ. ಅಷ್ಟೇ ಮೊತ್ತದ ಅಸಲಿ ಹಣವನ್ನು ಊರಿನ ರೈಫೈಸನ್ ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಬೇಕಾದವರು ನೂರಕ್ಕೆ ಎರಡು ಮುರಿದುಕೊಂಡು ನಗದು ಪಡೆಯಬಹುದಿತ್ತು. ಆದರೆ ತಿಂಗಳಿಗೊಮ್ಮೆ ಚೀಟಿಗೆ ನೂರಕ್ಕೆ ಒಂದರಂತೆ ಸ್ಟ್ಯಾಂಪ್ ಅಂಟಿಸಲೇಬೇಕು. ಪೆಟ್ಟಿಗೆಯಲ್ಲಿ ಇಟ್ಟುಕೊಂಡವರಿಗೆ ನಷ್ಟ, ಖರ್ಚು ಮಾಡಿದವನಿಗೆ ಲಾಭ. ಕೂಲಿಯವನು ಅಂಗಡಿಗೆ ಕೊಟ್ಟ, ಅಂಗಡಿಯವನು ತೆರಿಗೆ ಕಟ್ಟಿದ, ಪುರಸಭೆ ಅದನ್ನೇ ಮತ್ತೆ ಕೂಲಿಗೆ ಕೊಟ್ಟಿತು. ನೋಡ್ತಾ ನೋಡ್ತಾ ರಸ್ತೆ, ಬೀದಿದೀಪ, ಸೇತುವೆ ಆದವು. ಹಳೇ ಬಾಕಿಯೂ ವಸೂಲಾಯಿತು.

ಸುತ್ತಲಿನ ಊರುಗಳೂ ಇದೇ ದಾರಿ ಹಿಡಿಯಲು ಹೊರಟಾಗ, ನೋಟು ಹೊರಡಿಸುವ ಹಕ್ಕು ತನ್ನದೆಂದು ಆಸ್ಟ್ರಿಯಾದ ರಾಷ್ಟ್ರೀಯ ಬ್ಯಾಂಕು ತಡೆಯೊಡ್ಡಿತು. 1933ರ ಸೆಪ್ಟೆಂಬರಿನಲ್ಲಿ ಚೀಟಿ ನಿಂತಿತು. 1934ರಲ್ಲಿ ಇವರ ಪಕ್ಷವನ್ನೇ ಸರ್ಕಾರ ನಿಷೇಧಿಸಿದ್ದರಿಂದ ಅಧಿಕಾರವೂ ಹೋಯಿತು. 1936ರ ಡಿಸೆಂಬರಿನಲ್ಲಿ ಇವರು ಕಾಲವಾದರು. ಹದಿಮೂರು ತಿಂಗಳ ಆ ಕೆಲಸಕ್ಕಾಗಿ ಪ್ರಪಂಚ ಇವರನ್ನು ಇಂದಿಗೂ ನೆನೆಯುತ್ತದೆ.

ಆ ಚೀಟಿಗೆ ಆಸರೆಯಾದ ರೈಫೈಸನ್ ಪದ್ಧತಿಯೇ ನಮ್ಮ ದೇಶದ ಸಾಲ ಸಹಕಾರ ಸಂಘಗಳಿಗೂ ಮಾದರಿ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಂಘವೂ ಅದೇ ಬಳ್ಳಿಯದು. ನಾವು ಚೀಟಿ ಅಚ್ಚು ಹಾಕುವಂತಿಲ್ಲ, ಹಾಕಬೇಕಾದ್ದೂ ಇಲ್ಲ. ಆದರೆ ಕಾಲುವೆ ನೀರನ್ನು ಮೇಲಿನ ಗದ್ದೆಯವರೇ ಕಟ್ಟಿಕೊಂಡರೆ ಕೆಳಗಿನ ಪೈರು ಒಣಗುತ್ತದೆ. ಒಬ್ಬರು ತೀರಿಸಿದ ಸಾಲವೇ ಇನ್ನೊಬ್ಬರ ಬಿತ್ತನೆ ಬೀಜ. ಈ ಮಾತನ್ನು ಸದಸ್ಯರೆಲ್ಲರೂ ಮನಸ್ಸಿನಲ್ಲಿಟ್ಟು ನಡೆಯಬೇಕೆಂದು ವಿನಂತಿಸಿ ವಿರಮಿಸುತ್ತೇವೆ.