ವಿಲ್ಕಾಕ್ಸ್ ಗ್ರಾಮದ ವಿದ್ಯಾದಾನಿ ಫಾದರ್ ಆಥಲ್ ಮರ್ರೆ

ಕೆನಡಾ ದೇಶದ ಸಸ್ಕಾಚವಾನ್ ಪ್ರಾಂತವು ಗೋಧಿಯ ಬಯಲುಸೀಮೆ. ಅದರ ರಾಜಧಾನಿಯಾದ ರಿಜೈನಾ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ವಿಲ್ಕಾಕ್ಸ್ ಎಂಬ ಕೆಲವೇ ನೂರು ಜನರ ಗ್ರಾಮವೊಂದಿದೆ. ಚಳಿಗಾಲದಲ್ಲಿ ನೀರು ಕಲ್ಲಾಗುವ, ಬೇಸಗೆಯಲ್ಲಿ ಧೂಳೇಳುವ ಈ ಹಳ್ಳಿಯ ಹೆಸರು ಐಸ್ ಹಾಕಿಯನ್ನು ಬಲ್ಲವರಿಗೆಲ್ಲ ಪರಿಚಿತವಾಗಿದ್ದರೆ ಅದಕ್ಕೆ ಮೂಲಪುರುಷರು ಫಾದರ್ ಜೇಮ್ಸ್ ಆಥಲ್ ಮರ್ರೆಯವರು.

1892ರ ಜನವರಿ 9ರಂದು ಟೊರಾಂಟೊ ನಗರದಲ್ಲಿ ಜನಿಸಿದ ಮರ್ರೆಯವರು 1918ರಲ್ಲಿ ಕ್ಯಾಥೋಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದರು. 1922ರಲ್ಲಿ ರಿಜೈನಾಕ್ಕೆ ಬಂದವರು ಪಶ್ಚಿಮದ ಬಯಲನ್ನೇ ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡರು. ಚರ್ಚಿನಲ್ಲಿ ಕಳ್ಳತನಕ್ಕಿಳಿದ ಬೀದಿಯ ಹುಡುಗರು ಅಲ್ಲಿ ಅವರ ಕೈಗೆ ಸಿಕ್ಕಿಬಿದ್ದರೆಂದೂ, ಅವರನ್ನು ಪೊಲೀಸರಿಗೊಪ್ಪಿಸದೆ ಆಟದ ಸಂಘವೊಂದನ್ನು ಕಟ್ಟಿಕೊಟ್ಟರೆಂದೂ ಪ್ರತೀತಿಯುಂಟು. ಆರ್ಗೋಸ್ ಎಂಬ ಆ ಸಂಘ ಬೇಗನೆ ಬೆಳೆಯಿತು. ಮರ್ರೆಯವರ ಮುಂದಿನ ಜೀವನವೆಲ್ಲ ಆ ಒಂದು ನಿರ್ಧಾರದ ವಿಸ್ತಾರವೆನ್ನಬಹುದು.

1927ರಲ್ಲಿ ಧರ್ಮಾಧಿಕಾರಿಗಳು ಅವರನ್ನು ವಿಲ್ಕಾಕ್ಸಿಗೆ ವರ್ಗಾಯಿಸಿದರು. ನಗರದ ಹುಡುಗರಲ್ಲಿ ಹಲವರು ಗುರುವನ್ನು ಬಿಡಲೊಲ್ಲದೆ ಹಿಂದೆಯೇ ನಡೆದರು. ಅಲ್ಲಿ ಸಂನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಶಾಲೆಯೊಂದಿತ್ತು. ಅದೇ ಕಾಲಕ್ರಮದಲ್ಲಿ ನೋತ್ರ್ ದಾಮ್ ಕಾಲೇಜಾಗಿ ಬೆಳೆಯಿತು. ವಿದ್ಯಾರ್ಥಿಗಳು ಅವರನ್ನು ಪೇರ್ ಎಂದು ಕರೆದರು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ತಂದೆಯೆಂದು ಅರ್ಥ.

ಮರ್ರೆಯವರು ಶಾಲೆ ಕಟ್ಟಲು ಹೊರಟ ಕಾಲವಾದರೂ ಎಂಥದು! 1929ರ ಆರ್ಥಿಕ ಕುಸಿತದ ಬೆನ್ನಿಗೇ ಅನಾವೃಷ್ಟಿ ಬಂದಿತು. ಗೋಧಿಗೆ ಬೆಲೆಯಿಲ್ಲ, ಬೆಲೆ ಬಂದಾಗ ಬೆಳೆಯಿಲ್ಲ. ಮೇಲ್ಮಣ್ಣು ಗಾಳಿಯಲ್ಲಿ ಹಾರಿಹೋಗುತ್ತಿತ್ತು. ರೈತನ ಕೈಯಲ್ಲಿ ಕಾಸಿಲ್ಲದಿರುವಾಗ ಮಗನ ಶಾಲೆಯ ಶುಲ್ಕ ಎಲ್ಲಿಂದ ಬರಬೇಕು? ಮರ್ರೆಯವರು ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಧಾನ್ಯ, ಮಾಂಸ, ಒಲೆಗೆ ಕಲ್ಲಿದ್ದಲು, ಹೀಗೆ ಮನೆಯಲ್ಲಿ ಏನುಂಟೋ ಅದನ್ನು ಶುಲ್ಕವೆಂದು ಸ್ವೀಕರಿಸಿದರು. ಏನೂ ಇಲ್ಲದವನಿಗೂ ಪಂಕ್ತಿಯಲ್ಲಿ ಸ್ಥಳವಿತ್ತು. ಹಳೆಯ ಮರದ ಮನೆಗಳೇ ವಿದ್ಯಾರ್ಥಿನಿಲಯಗಳಾದವು. ಸೌದೆ, ನೀರು, ರಿಪೇರಿಯ ಕೆಲಸವನ್ನು ಹುಡುಗರೇ ಮಾಡಿದರು. ಇಂಥ ಶಾಲೆಯನ್ನು ನಡೆಸಿದವರಿಗೇ ಅದರ ಲೆಕ್ಕದ ಪುಸ್ತಕದ ಕಷ್ಟ ಗೊತ್ತು. ಸಾಲ ಅವರನ್ನು ಜೀವಮಾನವೆಲ್ಲ ಬೆನ್ನಟ್ಟಿತು.

ಆದರೂ 1933ರಲ್ಲಿ ಅವರು ಒಟ್ಟಾವಾ ವಿಶ್ವವಿದ್ಯಾಲಯದೊಡನೆ ಸಂಯೋಜನೆ ಪಡೆದು ಪದವಿ ತರಗತಿಗಳನ್ನು ತೆರೆದರು. ಹೊಟ್ಟೆಗಿಲ್ಲದ ಸೀಮೆಯಲ್ಲಿ ಗ್ರೀಕ್ ತತ್ತ್ವಶಾಸ್ತ್ರ! ಅಂದಿನವರಿಗೆ ಇದು ಹುಚ್ಚೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅರಿಸ್ಟಾಟಲನನ್ನು ಓದುವ ಹಕ್ಕು ನಗರದ ಶ್ರೀಮಂತರ ಮಕ್ಕಳಿಗಷ್ಟೇ ಸೀಮಿತವಲ್ಲವೆಂಬುದು ಮರ್ರೆಯವರ ದೃಢನಂಬಿಕೆ. 15ನೆಯ ಶತಮಾನದಲ್ಲಿ ಅಚ್ಚಾದ ಗ್ರಂಥಗಳನ್ನೂ ಅವರು ಆ ಹಳ್ಳಿಯಲ್ಲಿ ಸಂಗ್ರಹಿಸಿದರು.

ಹೌಂಡ್ಸ್, ಎಂದರೆ ಬೇಟೆನಾಯಿಗಳು, ಎಂಬುದು ಶಾಲೆಯ ತಂಡದ ಹೆಸರು. ನಮ್ಮಲ್ಲಿ ಹಾಕಿಯೆಂದರೆ ನೆಲದ ಮೇಲಿನ ಆಟ. ಅಲ್ಲಿಯದಾದರೋ ಹೆಪ್ಪುಗಟ್ಟಿದ ನೀರಿನ ಮೇಲೆ, ಉಕ್ಕಿನ ಅಲಗುಗಳುಳ್ಳ ಪಾದರಕ್ಷೆ ತೊಟ್ಟು, ಚೆಂಡಿಗೆ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟುವ ಆಟ. ಒಂದು ಪಕ್ಷಕ್ಕೆ ಗೋಲುರಕ್ಷಕನೂ ಸೇರಿ ಆರು ಮಂದಿ. ಅದರ ವೇಗವೆಷ್ಟೆಂದರೆ ಇಂದಿನ ಆಟಗಾರನು ಒಂದು ನಿಮಿಷದೊಳಗೇ ದಣಿದು, ಹೊರಗೆ ಕುಳಿತ ಸಂಗಡಿಗನಿಗೆ ಸ್ಥಳ ಬಿಟ್ಟುಕೊಡುತ್ತಾನೆ. ಎಂಥ ನಿಪುಣನೂ ಒಬ್ಬನೇ ಇಡೀ ಪಂದ್ಯವನ್ನು ಹೊರಲಾರನು. ಕೂಡಿ ಬಾಳುವ ಶಾಲೆಗೆ ಇದಕ್ಕಿಂತ ಒಪ್ಪುವ ಆಟ ಬೇರೊಂದಿರಲಾರದು. ಮರ್ರೆಯವರನ್ನು ಕ್ರೀಡೆಯ ತಂತ್ರಜ್ಞರೆನ್ನುವುದಕ್ಕಿಂತ ಹುಡುಗರ ಎದೆಯಲ್ಲಿ ಕೆಚ್ಚನ್ನು ತುಂಬಿದವರೆನ್ನುವುದೇ ಸರಿ. ವಿಲ್ಕಾಕ್ಸಿನವರೇ ಆದ ನಿಕ್ ಮತ್ತು ಡಾನ್ ಮೆಟ್ಸ್ ಸಹೋದರರು ಟೊರಾಂಟೊ ಮೇಪಲ್ ಲೀಫ್ಸ್ ತಂಡವನ್ನು ಸೇರಿದರು. 1942ರ ಸ್ಟ್ಯಾನ್ಲಿ ಕಪ್ ಅಂತಿಮ ಸರಣಿಯಲ್ಲಿ ಮೊದಲ ಮೂರು ಪಂದ್ಯಗಳನ್ನು ಸೋತ ಆ ತಂಡವು ಮುಂದಿನ ನಾಲ್ಕನ್ನೂ ಗೆದ್ದಿತು. ನಾಲ್ಕನೆಯ ಪಂದ್ಯದ ಗೆಲುವಿನ ಗೋಲು ನಿಕ್‌ನದು. ಐದನೆಯದರಲ್ಲಿ ಡಾನ್ ಮೂರು ಗೋಲು ಹೊಡೆದನು.

ಇಷ್ಟಾದರೂ ಮರ್ರೆಯವರು ದೋಷರಹಿತರಾಗಿರಲಿಲ್ಲ. ಧೂಮಪಾನ, ಮದ್ಯ, ಒರಟು ಮಾತು ಇವು ಮೂರೂ ಅವರಲ್ಲಿದ್ದವು. ಅವರ ಭಕ್ತರೂ ಇದನ್ನು ಮುಚ್ಚಿಡಲಿಲ್ಲ. 1962ರ ಜುಲೈ 1ರಂದು ಸಸ್ಕಾಚವಾನ್ ಸರಕಾರವು ಸರ್ವರಿಗೂ ವೈದ್ಯಕೀಯ ವಿಮೆಯನ್ನು ಜಾರಿಗೆ ತಂದಾಗ ವೈದ್ಯರು ಮುಷ್ಕರ ಹೂಡಿದರು. ಮರ್ರೆಯವರು ವೈದ್ಯರ ಪರ ನಿಂತು, ಪಾದ್ರಿಯೊಬ್ಬರಿಗೆ ಸಲ್ಲದಷ್ಟು ಉಗ್ರವಾದ ಭಾಷಣಗಳನ್ನು ಮಾಡಿದರು. ಮುಷ್ಕರ ಆ ತಿಂಗಳಲ್ಲೇ ಮುಗಿಯಿತು, ಯೋಜನೆ ಉಳಿಯಿತು, ಮುಂದೆ ಇಡೀ ದೇಶವೇ ಅದನ್ನು ಅನುಸರಿಸಿತು. ಬಡರೈತನ ಮಗನಿಂದ ಹಣ ಕೇಳದ ಮಹನೀಯರು ಆ ರೈತನ ಚಿಕಿತ್ಸೆಯ ಚಿಂತೆ ಕಳೆಯುವ ಯೋಜನೆಯನ್ನು ವಿರೋಧಿಸಿದ್ದು ವಿಪರ್ಯಾಸವೇ ಸರಿ. ಪ್ರಭುತ್ವದ ಹಸ್ತಕ್ಷೇಪವೆಂದರೆ ಅವರಿಗಿದ್ದ ಅಪನಂಬಿಕೆಯೇ ಇದಕ್ಕೆ ಕಾರಣವಾಗಿರಬೇಕು.

1968ರಲ್ಲಿ ಆರ್ಡರ್ ಆಫ್ ಕೆನಡಾ ಗೌರವವು ಅವರಿಗೆ ಸಂದಿತು. 1975ರ ಡಿಸೆಂಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ಅವರು ವಿಲ್ಕಾಕ್ಸಿನಲ್ಲಿಯೇ ದೇಹವಿಟ್ಟರು. ಒಬ್ಬ ವ್ಯಕ್ತಿಯ ತೇಜಸ್ಸಿನಿಂದ ನಡೆದ ಸಂಸ್ಥೆ ಆ ವ್ಯಕ್ತಿಯ ತರುವಾಯ ಉಳಿದೀತೇ ಎಂಬ ಶಂಕೆ ಸಹಜವಾಗಿಯೇ ಇತ್ತು. ಶಾಲೆ ಉಳಿಯಿತು. ಸಂಸ್ಥಾಪಕರ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡಿತು. ಅಲ್ಲಿ ಓದಿದ ವೆಂಡೆಲ್ ಕ್ಲಾರ್ಕ್ 1985ರಲ್ಲಿಯೂ, ವಿನ್ಸೆಂಟ್ ಲೆಕಾವಲ್ಯೇ 1998ರಲ್ಲಿಯೂ ನ್ಯಾಷನಲ್ ಹಾಕಿ ಲೀಗಿನ ಆಯ್ಕೆಯಲ್ಲಿ ಪ್ರಥಮರಾದರು. 1988ರಲ್ಲಿ ಹೌಂಡ್ಸ್ ತಂಡವು ಕಿರಿಯರ ರಾಷ್ಟ್ರೀಯ ಪ್ರಶಸ್ತಿಯಾದ ಸೆಂಟೆನಿಯಲ್ ಕಪ್ ಗೆದ್ದಿತು. ಮರ್ರೆಯವರು ಗತಿಸಿ ಎರಡು ದಶಕಗಳು ಕಳೆದ ಮೇಲೆ, 1998ರಲ್ಲಿ, ಟೊರಾಂಟೊದ ಹಾಕಿ ಕೀರ್ತಿಮಂದಿರವು ಆಟವನ್ನು ಕಟ್ಟಿ ಬೆಳೆಸಿದವರ ಪಂಕ್ತಿಯಲ್ಲಿ ಅವರ ಹೆಸರನ್ನು ಸೇರಿಸಿತು.