ಪ್ಲೇಗ್ ಶಿಬಿರದ ವೈದ್ಯ ಡಾ. ಪಲ್ಪು

ನಿಮ್ಮ ಮಗುವಿಗೆ ಲಸಿಕೆ ಹಾಕಿಸುವಾಗ ಆರೋಗ್ಯ ಸಹಾಯಕಿ ಹೊಸ ಸಿರಿಂಜಿನ ಹೊದಿಕೆಯನ್ನು ನಿಮ್ಮೆದುರೇ ಹರಿಯುವುದನ್ನು ಗಮನಿಸಿದ್ದೀರಾ? ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಸಲ್ಲದು. ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರದಂಥ ಹಳ್ಳಿಗೂ ಇಂದು ಇದೇ ನಿಯಮ. ನೂರೈವತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಸಿಡುಬಿನ ಲಸಿಕೆಯನ್ನು ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಂದರ ತೋಳಿಗೆ ಹಾಕುವ ರೂಢಿಯಿತ್ತು. ಅದರೊಂದಿಗೆ ಬೇರೆ ರೋಗಗಳೂ ದಾಟುವ ಭಯವಿತ್ತು. ಕರುವಿನ ಮೈಮೇಲೆ ಬೆಳೆಸಿದ ಲಸಿಕೆ ಬಂದ ಮೇಲೆ ಆ ಭಯ ತಗ್ಗಿತು. ಮೈಸೂರು ಸರಕಾರಕ್ಕಾಗಿ ಬೆಂಗಳೂರಿನಲ್ಲಿ ಈ ಲಸಿಕೆಯ ಕೆಲಸದಲ್ಲಿ ದುಡಿದವರು ಡಾ. ಪದ್ಮನಾಭನ್ ಪಲ್ಪು.

ಪಲ್ಪು ಹುಟ್ಟಿದ್ದು 1863ರಲ್ಲಿ, ತಿರುವನಂತಪುರದಲ್ಲಿ, ಈಳವ ಕುಟುಂಬದಲ್ಲಿ. ಈಳವರೆಂದರೆ ನಮ್ಮ ಕರಾವಳಿಯ ಬಿಲ್ಲವರಂತೆ ಶೇಂದಿ ಇಳಿಸುವುದು ಕುಲಕಸುಬಾಗಿದ್ದ ಸಮುದಾಯ. ಅಂದಿನ ತಿರುವಾಂಕೂರಿನಲ್ಲಿ ಅವರು ಮುಟ್ಟಿದರೆ ಮೈಲಿಗೆ. ಸರಕಾರಿ ಉದ್ಯೋಗದ ಮಾತಂತೂ ಇಲ್ಲವೇ ಇಲ್ಲ. ಪಲ್ಪು ಸಾಲ ಮಾಡಿ ಮದ್ರಾಸಿಗೆ ಹೋಗಿ ವೈದ್ಯಶಾಸ್ತ್ರ ಓದಿದರು. ಪದವಿಯೊಂದಿಗೆ ಮರಳಿದರೆ ಜಾತಿಯ ಕಾರಣಕ್ಕೆ ಸ್ವಂತ ನಾಡು ಅವರಿಗೆ ಕೆಲಸ ಕೊಡಲಿಲ್ಲ. ಕೊಟ್ಟದ್ದು ಮೈಸೂರು. ಇದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ, ಆದರೆ ನಮ್ಮಲ್ಲಿ ಬಲ್ಲವರು ಕಡಿಮೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಪ್ಲೇಗ್ ಬಿದ್ದ ಊರಿನಿಂದ ಓಡಬಾರದು, ಅಂಥ ಊರಿಗೆ ಹೋಗಲೂಬಾರದು ಎಂಬ ಪ್ರವಾದಿ(ಸ)ಯವರ ಬೋಧನೆ ನಿಮಗೆ ತಿಳಿದೇ ಇದೆ. ಓಡಿದವನು ರೋಗವನ್ನೂ ಜೊತೆಗೆ ಒಯ್ಯುತ್ತಾನೆ. ರೋಗಿಗಳನ್ನು ಪ್ರತ್ಯೇಕ ಶಿಬಿರಗಳಿಗೆ ಸಾಗಿಸಲಾಯಿತು. ಶಿಬಿರಕ್ಕೆ ಹೆದರಿ ಮನೆಯವರೇ ರೋಗಿಯನ್ನು ಅಡಗಿಸಿಡುವುದಿತ್ತು. ಅವರನ್ನು ಪೂರ್ತಿ ದೂರುವಂತಿಲ್ಲ. ತಾಯಿಯನ್ನು ಕರೆದೊಯ್ದರೆ ಮತ್ತೆ ನೋಡುವ ಭರವಸೆ ಯಾರಿಗಿತ್ತು?

ಪಲ್ಪು ಇಂಥ ಶಿಬಿರದ ಹೊಣೆ ಹೊತ್ತರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ಲೋಕ ಒಪ್ಪಲು ವರ್ಷಗಳೇ ಹಿಡಿದವು. ರೋಗಿಗಳ ನಡುವೆ ಓಡಾಡುತ್ತಿದ್ದ ವೈದ್ಯರಿಗೆ ಸಾವು ಯಾವ ದಾರಿಯಿಂದ ಬರುತ್ತದೆಂದೇ ಸ್ಪಷ್ಟವಿರಲಿಲ್ಲ. ಹಾಗಿದ್ದೂ ಅವರು ನಿಂತರು. ತನ್ನೂರಿನಲ್ಲಿ ಯಾರ ಸ್ಪರ್ಶವನ್ನು ಹೊಲಸೆಂದು ದೂರವಿಟ್ಟರೋ, ಆತನೇ ಇಲ್ಲಿ ಹೆತ್ತವರೂ ಮುಟ್ಟಲು ಅಂಜುವ ಮೈಗಳ ನಾಡಿ ಹಿಡಿದ. ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳಿಗೆ ಜನ ಹೋಗಿ ನೆಲೆಸಿದ್ದು ಹೆಚ್ಚಾಗಿ ಈ ಪ್ಲೇಗಿನ ನಂತರವೇ.

ಮುಂದೆ ಮೈಸೂರು ಸರಕಾರವೇ ಅವರ ಉನ್ನತ ವ್ಯಾಸಂಗಕ್ಕೆ ನೆರವಾಗಿ ಇಂಗ್ಲೆಂಡಿಗೆ ಕಳುಹಿಸಿತು. ತನ್ನವರನ್ನೂ ಅವರು ಮರೆಯಲಿಲ್ಲ. 1896ರಲ್ಲಿ 13,176 ಈಳವರ ಸಹಿಯಿದ್ದ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. ಅವರು ಕೇಳಿದ್ದು ಶಾಲೆ ಮತ್ತು ಉದ್ಯೋಗ. ಸಿಗಲಿಲ್ಲ. 1903ರಲ್ಲಿ ನಾರಾಯಣ ಗುರುಗಳ ನೇತೃತ್ವದ ಧರ್ಮಪರಿಪಾಲನ ಸಂಘವನ್ನು ಕಟ್ಟುವಲ್ಲಿ ಮುಂದೆ ನಿಂತರು.

1950ರ ಜನವರಿ 25ರಂದು ಪಲ್ಪು ತೀರಿಕೊಂಡರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನ ಪೂರ್ಣವಾಗಿ ಜಾರಿಗೆ ಬಂದದ್ದು ಮರುದಿನ.